ಎರಡನೇ ಸಲದ ಅನ್ನ

ಆ ಮನೆಯಲ್ಲಿ ಊಟಕ್ಕೆ ಕೂತಾಗ ಕೆಲಸದ ಮಾತು ಎತ್ತುವಂತಿರಲಿಲ್ಲ. ಈ ಕಟ್ಟಳೆ ಅಮ್ಮನದು. ಅಪ್ಪ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಪ್ರಯಾಣಿಕರ ಬೈಗುಳ, ಮೇಲಧಿಕಾರಿಯ ಗೊಣಗು, ಅಡ್ಡ ಬಂದ ಸೈಕಲ್ಲಿನವನ ಶಾಪ ಎಲ್ಲವನ್ನೂ ಹೊತ್ತು ತಂದು ತಟ್ಟೆಯ ಪಕ್ಕದಲ್ಲೇ ಸುರಿಯುತ್ತಿದ್ದರು. ಒಂದು ದಿನ ಅಮ್ಮ ಸೌಟು ಎತ್ತಿ ಹಿಡಿದು, "ಸ್ಟೇರಿಂಗ್ ಹೊರಗಿಟ್ಟು ಒಳಗೆ ಬನ್ನಿ, ಇಲ್ಲಾಂದ್ರೆ ನೀವೂ ಹೊರಗೇ ಇರಿ" ಅಂದಳು. ಅಲ್ಲಿಗೆ ಮಾತು ನಿಂತಿತು.

ಆದರೆ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ ಮನೆ ನಡೆಯುತ್ತದೆಯೇ? ನಿಧಾನಕ್ಕೆ ಎಲ್ಲರೂ ತಟ್ಟೆ ನೋಡಿ ಸುದ್ದಿ ತಿಳಿಯುವುದನ್ನು ಕಲಿತರು. ಅಪ್ಪ ಅರ್ಧಕ್ಕೇ ಕೈ ತೊಳೆದರೆ ಬಸ್ಸು ಯಾರಿಗೋ ತಾಗುವುದು ಕೂದಲೆಳೆಯಲ್ಲಿ ತಪ್ಪಿದೆ. ಅಮ್ಮ ಬರೀ ನೀರು ಕುಡಿದು ಎದ್ದರೆ ಪರದೆ ಹೊಲಿಸಿಕೊಂಡವರು ಕೂಲಿ ಕೊಟ್ಟಿಲ್ಲ. ಯಾರಾದರೂ ಎರಡನೇ ಸಲ ಅನ್ನ ಹಾಕಿಸಿಕೊಂಡರೆ ಮಾತ್ರ ಆ ದಿನ ಸುಖವಾಗಿ ಕಳೆದಿದೆ ಎಂದು ಅರ್ಥ.

ಮಗಳು ಎರಡನೇ ಸಲ ಹಾಕಿಸಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಚಿಕ್ಕಂದಿನಿಂದಲೂ ನಾಲ್ಕು ಅಗುಳು ಹೆಕ್ಕಿ ಏಳುವವಳು. ಅದಕ್ಕೇ ಅಜ್ಜಿ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟಿದ್ದಳು. ಈಗ ಗುಬ್ಬಿಗೆ ಕೆಲಸ ಸಿಕ್ಕು ಮೂರನೇ ವರ್ಷ. ಕಿವಿ ಮಂದವಾದವರಿಗೆ ಕೇಳುವ ಮಷಿನ್ನು ಮಾಡುವ ಕಂಪನಿಯಲ್ಲಿ, ತಯಾರಾದ ಮಾಲನ್ನು ಪರೀಕ್ಷೆ ಮಾಡುವ ಕೋಣೆಯಲ್ಲಿ ಅವಳ ಕೆಲಸ.

ಕಂಪನಿ ಹೊಸದೊಂದು ಮಷಿನ್ನು ತರಲಿತ್ತು. ಕಡಲೆಕಾಳಿಗಿಂತ ಕೊಂಚ ದೊಡ್ಡದು, ತಂತಿ ಇಲ್ಲ, ಕಿವಿಯ ಹಿಂದೆ ಅಂಟಿಸಿಕೊಂಡರೆ ಯಾರಿಗೂ ಕಾಣದು. ಅದು ಅಂಗಡಿಗೆ ಬರುವ ದಿನವನ್ನು ಊರೆಲ್ಲ ಗೋಡೆಗಳ ಮೇಲೆ ಬರೆಸಿದ್ದರು. ಕೆಲಸಗಾರರ ಮನೆಯಲ್ಲಿ ಕಿವಿ ಕೇಳದವರಿದ್ದರೆ ಹಾಕಿ ನೋಡಲಿ ಎಂದು ಒಂದೊಂದು ಕೊಟ್ಟೂ ಇದ್ದರು. ಅಜ್ಜಿಗೆ ಹಾಗೆ ಬಂದದ್ದು. ಹಾಕಿಕೊಂಡ ಮೊದಲ ದಿನ ಅವಳು ಅಮ್ಮನ ಹೊಲಿಗೆ ಯಂತ್ರದ ಸದ್ದು ಕೇಳಿ ಬೆಚ್ಚಿಬಿದ್ದಳು. ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತ ಬಚ್ಚಲಲ್ಲೇ ಕೂತಳು. ಸಂಜೆಗೆ, "ಈ ಮನೇಲಿ ಇಷ್ಟು ಜಗಳ ನಡೀತಿತ್ತು ಅಂತ ನಂಗೆ ಗೊತ್ತೇ ಇರಲಿಲ್ಲ ಕಣ್ರೇ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ನಗು ಕೇಳಿಯೇ ಅಪ್ಪನಿಗೆ ಆಸೆ ಹುಟ್ಟಿದ್ದು. ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಕಂಪನಿಯ ಷೇರಿಗೆ ಹಾಕಿದರು. ಡಿಪೋದಲ್ಲಿ ಜತೆಗಿದ್ದ ಹಳಬರೂ ಅವರನ್ನು ನೋಡಿ ಹಾಕಿದರು. ಲೆಕ್ಕ ಸರಳವಾಗಿತ್ತು. ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಲು ಹೊರಟಿದ್ದ. "ಇಪ್ಪತ್ತೆರಡು ವರ್ಷದಿಂದ ಇದ್ದೀರಿ, ಮೊದಲು ನಿಮ್ಮನ್ನೇ ಕೇಳ್ತೀನಿ. ತಿಂಗಳ ಕೊನೆ ತನಕ ಕಾಯ್ತೀನಿ. ಆಗದಿದ್ರೆ ಖಾಲಿ ಮಾಡಿ ಕೊಡಿ" ಅಂದಿದ್ದ. ಮಷಿನ್ನು ಅಂಗಡಿಗೆ ಬಂದ ದಿನ ಷೇರು ಏರುತ್ತದೆ, ಅಂದೇ ಮಾರುವುದು, ಮನೆ ಕೊಳ್ಳುವುದು. ಅಮ್ಮ ಆಗಲೇ ಅಡುಗೆಮನೆ ಗೋಡೆಗೆ ಯಾವ ಬಣ್ಣ ಎಂದು ಯೋಚಿಸಿದ್ದಳು. ಅಜ್ಜಿಗೆ ಕಿಟಕಿಯ ಪಕ್ಕದ ಮೂಲೆ ಇನ್ನು ಯಾರಪ್ಪನದೂ ಅಲ್ಲ, ಅವಳದೇ.

ಒಂದು ಭಾನುವಾರ ಬೆಳಿಗ್ಗೆ ಕಂಡಕ್ಟರ್ ಮಾಮ ಪತ್ರಿಕೆ ಸುರುಳಿ ಸುತ್ತಿಕೊಂಡು ಬಂದರು. ಅಪ್ಪನ ಬಸ್ಸಿನಲ್ಲೇ ಟಿಕೆಟ್ ಹರಿದು ಹರಿದು ಮುದುಕರಾದವರು. ಚಪ್ಪಲಿ ಬಿಡುವುದಕ್ಕೂ ಮೊದಲೇ, "ಡ್ರೈವರ್ರೇ, ಬ್ರೇಕು ಹಿಡೀತಾ ಇದ್ಯಾ ನೋಡಿ!" ಎಂದರು.

"ಏನಾಯ್ತೋ?"

"ನಮ್ಮ ಕಂಪನಿ ದೊಡ್ಡವರು ಮೂರು ಜನ ತಮ್ಮ ಷೇರು ಮಾರ್ಕೊಂಡಿದ್ದಾರಂತೆ. ಹೊಸ ಮಾಲು ಬರೋಕೆ ಮುಂಚೆ! ಶುಕ್ರವಾರದಿಂದ ರೇಟು ಇಳಿಯೋಕೆ ಶುರುವಾಗಿದೆ."

ಅಪ್ಪ ಪತ್ರಿಕೆಯನ್ನು ತೋಳುದ್ದಕ್ಕೆ ಹಿಡಿದು ಓದಿದರು. "ಮೊದಲೇ ಹೇಳಿದ್ದ ಪ್ರಕಾರ ಮಾರಿದ್ದು, ಸ್ವಂತ ಖರ್ಚಿಗೆ ಅಂತ ಬರೆದಿದಾರಲ್ಲಪ್ಪ. ಮಗಳ ಮದುವೆ ಇರಬಹುದು, ಮನೆ ಕಟ್ತಾ ಇರಬಹುದು."

"ಮೂರು ಜನಕ್ಕೂ ಒಂದೇ ವಾರದಲ್ಲಿ ಮಗಳ ಮದುವೆನಾ? ಒಂದೇ ಛತ್ರದಲ್ಲಾ?"

ಅಮ್ಮ ಒಳಗಿನಿಂದ ನಕ್ಕಳು. ಅಪ್ಪ ನಗಲಿಲ್ಲ. ಕಂಡಕ್ಟರ್ ಮಾಮ ದನಿ ತಗ್ಗಿಸಿದರು. "ನಿಮ್ಮ ಹುಡುಗಿ ಒಳಗೇ ಇದ್ದಾಳಲ್ಲ. ಒಂದು ಮಾತು ಕೇಳಿ. ನಮ್ಮ ಆರು ಜನದ್ದೂ ಅದರಲ್ಲೇ ಇದೆ. ಡಿಪೋದವರೆಲ್ಲ ನಿಮ್ಮ ಹಿಂದಿನ ಸೀಟಲ್ಲಿ ಕೂತಿದ್ದಾರೆ."

"ಅವಳು ಹೇಳಲ್ಲ. ಹೇಳಬಾರದು ಅಂತ ಸಹಿ ಹಾಕಿದ್ದಾಳೆ. ನಾನೂ ಕೇಳಲ್ಲ."

ಬಾಗಿಲ ಮರೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ ಗುಬ್ಬಿಯ ಕೈ ಅಲ್ಲೇ ನಿಂತಿತು.

ಅವಳಿಗೆ ಗೊತ್ತಿತ್ತು. ಅವಳ ಕೋಣೆಯಲ್ಲಿ ಉದ್ದ ಮೇಜಿನ ಮೇಲೆ ಸಾಲಾಗಿ ರಬ್ಬರ್ ಕಿವಿಗಳು. ಒಂದೊಂದಕ್ಕೂ ಹೊಸ ಮಷಿನ್ನು ಅಂಟಿಸಿ, ಚಾಲೂ ಮಾಡಿ, ಆಗಾಗ ಬಿಸಿ ಅಳೆಯುವುದು ಅವಳ ಕೆಲಸ. ಬೆಳಿಗ್ಗೆ ಎಲ್ಲ ಸರಿಯಿರುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಅಲ್ಲೊಂದು ಇಲ್ಲೊಂದು ಕಿವಿಯ ಹಿಂದೆ ರಬ್ಬರು ಮೆತ್ತಗಾಗಿ, ಬೆರಳಿಟ್ಟರೆ ಗುರುತು ಉಳಿಯುತ್ತಿತ್ತು. ಒಳಗಿನ ಬ್ಯಾಟರಿ ಕಾಯುತ್ತಿತ್ತು. ರಬ್ಬರ್ ಕಿವಿ ಪಾಪ, ಅಯ್ಯೋ ಅನ್ನುವುದಿಲ್ಲ.

"ಮೇಲೆ ಹೇಳಿದ್ದೀನಿ ಕಣೇ. ಒಂದು ಸಲ ಅಲ್ಲ, ನಾಲ್ಕು ಸಲ" ಅಂದಿದ್ದಳು ಮೇಲ್ವಿಚಾರಕಿ ಅಕ್ಕ, ಚಹಾದ ಲೋಟದೊಳಗೇ ಮುಖವಿಟ್ಟು. "ಸರಿ ಮಾಡ್ತಾರಂತೆ. ದಿನ ಮಾತ್ರ ಮುಂದೆ ಹಾಕಲ್ಲವಂತೆ."

"ಅವರು ಷೇರು ಮಾರಿದ್ದು ಇದಕ್ಕೇನಾ ಅಕ್ಕಾ?"

"ಶ್! ಹೋದ ವರ್ಷವೇ ಬರೆದುಕೊಟ್ಟಿದ್ವಿ ಅಂತಾರೆ. ಇರಬಹುದು. ನಮಗ್ಯಾಕೆ? ಪ್ಯಾಕಿಂಗಿನವನು ಭಾವನ ಹತ್ತಿರ ಬಾಯಿ ಬಿಟ್ಟು ಏನಾದ ಗೊತ್ತಲ್ಲ?"

ಗೊತ್ತಿತ್ತು. ಅವನ ಕೆಲಸವೂ ಹೋಗಿತ್ತು, ಮಾತು ಕೇಳಿ ಷೇರು ಮಾರಿದ ಭಾವನ ಮೇಲೆ ಕೇಸೂ ಬಿದ್ದಿತ್ತು. ಮನೆಯಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ತರುವವಳು ಗುಬ್ಬಿ ಒಬ್ಬಳೇ. ಹೇಳಿದರೆ ಅಪ್ಪ ಪೊಲೀಸರ ಮುಂದೆ, ಹೇಳದಿದ್ದರೆ ಅಪ್ಪ ಬೀದಿಯಲ್ಲಿ. ಅಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಒಂದು ಗಿಣಿಯಾದರೂ ಬಂದು ದಾರಿ ಹೇಳುತ್ತಿತ್ತು. ಅವಳ ಕೋಣೆಯಲ್ಲಿ ಇದ್ದದ್ದು ಬರೀ ಕಿವಿಗಳು, ಬಾಯಿ ಯಾವುದಕ್ಕೂ ಇರಲಿಲ್ಲ.

ಆ ವಾರ ಅವಳಿಗೆ ತುತ್ತು ಇಳಿಯಲಿಲ್ಲ. ನಾಲ್ಕು ಅಗುಳಿನ ಗುಬ್ಬಿ ಎರಡಕ್ಕೆ ಬಂದಳು. ಅಮ್ಮ ಬೇಳೆ ಬಡಿಸುತ್ತ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಯಾವನನ್ನಾದರೂ ಮೆಚ್ಚಿಕೊಂಡಿದ್ದೀಯೇನೆ?"

"ಅಮ್ಮಾ!"

"ಮತ್ತೆ ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?"

ಅಪ್ಪ ಮಗಳ ತಟ್ಟೆ ನೋಡಿದರು, ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. ಎರಡು ದಿನ ಹಾಗೇ ಆಯಿತು. ಮೂರನೇ ದಿನ ಮೆಟ್ಟಿಲು ಹತ್ತುವಾಗ ಅವರಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತುಬಿಟ್ಟರು. ಅಮ್ಮ ನೀರು ಚಿಮುಕಿಸುತ್ತ, "ನೀನು ತಿನ್ನಲಿಲ್ಲ ಅಂತ ಇವರೂ ತಿನ್ನಲ್ಲ. ಇನ್ನೊಂದು ವಾರ ಹೀಗೇ ಆದ್ರೆ ಮನೆ ಕೊಳ್ಳೋದು ಆಮೇಲೆ, ಮೊದಲು ಇವರನ್ನ ಮಂಚದಿಂದ ಎಬ್ಬಿಸಬೇಕಾಗುತ್ತೆ" ಎಂದು ಮಗಳ ಮೇಲೆ ಹಾಯ್ದಳು. "ಅಪ್ಪನ ಮೇಲೆ ಅಷ್ಟೂ ಕರುಣೆ ಇಲ್ವೇನೆ ನಿಂಗೆ?"

ಅಂದು ಸಂಜೆ ಗುಬ್ಬಿ ತಟ್ಟೆ ಖಾಲಿ ಮಾಡಿದಳು. ಆಮೇಲೆ ತಟ್ಟೆ ಮುಂದೆ ಚಾಚಿದಳು.

"ಅಮ್ಮಾ, ಇನ್ನೊಂದು ಚೂರು ಅನ್ನ."

ಎಲ್ಲರೂ ಕೈ ನಿಲ್ಲಿಸಿದರು. ಅಪ್ಪ ತಾವೇ ಸೌಟು ತೆಗೆದುಕೊಂಡರು. "ಹಸಿವಾ?"

"ಹೌದು ಅಪ್ಪಾ, ತುಂಬಾ."

ಅಪ್ಪನ ಮುಖ ಒಮ್ಮೆಗೇ ಬಿಚ್ಚಿಕೊಂಡಿತು. ಅವರೂ ಹಾಕಿಸಿಕೊಂಡರು, ಎರಡನೇ ಸಲ, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ಗಡ್ಡ ಕೆರೆಯುತ್ತ ಶಿಳ್ಳೆ ಹಾಕಿದರು. ಇದ್ದ ಒಂದೇ ಒಳ್ಳೆಯ ಅಂಗಿ ತೊಟ್ಟು ಪೇಟೆಯ ಕಡೆ ಹೊರಟರು. ಅಪ್ಪ ಚೇತರಿಸಿಕೊಂಡರಲ್ಲ ಎಂದು ಗುಬ್ಬಿ ಉಸಿರು ಬಿಟ್ಟಳು. ಅಂದಿನಿಂದ ದಿನಾ ಎರಡನೇ ಸಲ ಹಾಕಿಸಿಕೊಂಡಳು. ಊಟವಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಕಕ್ಕುತ್ತಿದ್ದಳು.

ಟಿವಿಯಲ್ಲಿ ಕಂಪನಿಯ ಮುಖ್ಯಸ್ಥ ಬಂದು, ನಮಗೆ ನಮ್ಮ ಮಾಲಿನ ಮೇಲೆ ಪೂರ್ತಿ ನಂಬಿಕೆಯಿದೆ, ಯಾರೂ ಗಾಬರಿಯಾಗಬೇಡಿ ಎಂದು ಹಲ್ಲು ಬಿಟ್ಟ. ಕೆಲವರು ನಂಬಿ ಕೊಂಡರು, ಕೆಲವರು ಮಾರಿ ಕೈತೊಳೆದುಕೊಂಡರು. ಬೆಲೆ ಜೋಕಾಲಿಯ ಹಾಗೆ ಹೋಗಿ ಬಂತು. ಪ್ರತಿ ಸಂಜೆ ಕಂಡಕ್ಟರ್ ಮಾಮ ಬೀದಿಯಿಂದಲೇ "ಇಳಿಯೋರು ಇದ್ದಾರಾ?" ಎಂದು ಕೂಗುವರು. ಅಪ್ಪ ಕಿಟಕಿಯಿಂದ "ರೈಟ್, ರೈಟ್, ಹೋಗ್ಲಿ!" ಅನ್ನುವರು. ಆರು ಜನ ಹಳಬರ ಸಂಸಾರಗಳು ಆ ಒಂದು ಮಾತಿನ ಮೇಲೆ ಇನ್ನೊಂದು ದಿನ ತಳ್ಳುವವು.

ಗುಬ್ಬಿ ತಡೆಯಲಾರದೆ ಹೋದಳು. ಒಂದು ಬೆಳಿಗ್ಗೆ ಅಪ್ಪ ಅಂಗಳದ ನಲ್ಲಿಗೆ ವಾಷರ್ ಹಾಕುತ್ತಿದ್ದಾಗ ಹಿಂದೆ ಬಂದು ನಿಂತಳು.

"ಅಪ್ಪಾ, ಆ ಷೇರು ಮಾರಿಬಿಡಿ."

ಅಪ್ಪ ತಿರುಗಲಿಲ್ಲ. "ಯಾಕಮ್ಮ?"

"ಸುಮ್ಮನೆ. ನಂಗೆ ಭಯ."

"ಏನಾದ್ರೂ ಇದ್ಯಾ? ಇದ್ರೂ ನೀನು ಹೇಳಬಾರದು, ನಾನು ಕೇಳಬಾರದು. ಇಲ್ಲದೆ ಇದ್ರೆ ಭಯ ಯಾಕೆ?"

ಅವಳ ಬಾಯಿ ತೆರೆಯಿತು. ಪ್ಯಾಕಿಂಗಿನವನ ಮುಖ ಕಣ್ಣೆದುರು ಬಂತು. ಬಾಯಿ ಮುಚ್ಚಿತು.

ಅಪ್ಪ ನಲ್ಲಿ ತಿರುಗಿಸಿ ನೋಡಿ, ನೀರು ನಿಂತದ್ದಕ್ಕೆ ಖುಷಿಪಟ್ಟು ಎದ್ದರು. "ನೆನ್ನೆ ಎರಡು ಸಲ ಅನ್ನ ಹಾಕಿಸಿಕೊಂಡವಳು ಇವತ್ತು ಹೆದರ್ತಾಳೆ, ನೋಡು! ನೀನು ಹುಟ್ಟಿದಾಗಿನಿಂದ ನೋಡ್ತಾ ಇದ್ದೀನಿ, ಗುಬ್ಬಿ. ಹೋಗು, ಬಸ್ಸು ತಪ್ಪುತ್ತೆ." ಅವಳ ತಲೆಗೆ ಒದ್ದೆ ಕೈಯಿಂದಲೇ ಒಂದು ಮೊಟಕು ಕೊಟ್ಟರು. ಆ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಸ್ಸಿನಲ್ಲಿ ನಿಂತು, ಹೇಳಬೇಕಿತ್ತು, ಹೇಳಬಾರದಿತ್ತು ಎಂದು ತನ್ನಲ್ಲೇ ಜಗ್ಗಾಡುತ್ತ ಹೋದಳು.

ಅಜ್ಜಿಗಾದರೂ ಅಪಾಯ ಬೇಡವೆಂದು ಅವಳು ಮೊದಲೇ, "ಆ ಮಷಿನ್ನು ತೆಗೆದಿಡು ಅಜ್ಜೀ, ಬ್ಯಾಟರಿಗೆ ವಿಶ್ರಾಂತಿ ಬೇಕು" ಎಂದಿದ್ದಳು.

"ಇಟ್ಟಿದ್ದೀನಿ ಕಣೆ, ಪೆಟ್ಟಿಗೇಲಿ ಮಲಗಿಸಿದ್ದೀನಿ" ಅಂದಳು ಅಜ್ಜಿ, ತಲೆಯ ಮೇಲಿನ ಬಟ್ಟೆಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಳ್ಳುತ್ತ.

ಮಗಳು ಕೆಲಸಕ್ಕೆ ಹೋದ ಮೇಲೆ ಅಪ್ಪ ದಿನಾ ಅಜ್ಜಿಯ ಹಿಂದೆ ಹೋಗಿ ನಿಂತು, ಮೆಲ್ಲಗೆ "ಅಮ್ಮಾ, ಕೇಳಿಸುತ್ತಾ?" ಎನ್ನುತ್ತಿದ್ದರು. "ಚೆನ್ನಾಗಿ ಕೇಳುತ್ತಪ್ಪ" ಎನ್ನುತ್ತಿದ್ದಳು ಅಜ್ಜಿ. ಇದು ಗುಬ್ಬಿಗೆ ತಿಳಿದದ್ದು ಆಮೇಲೆ.

ಮಷಿನ್ನು ಅಂಗಡಿಗೆ ಬರುವ ಮುನ್ನಾದಿನ ಮಧ್ಯಾಹ್ನ ಪರೀಕ್ಷೆಯ ಕೋಣೆಗೆ ಬೀಗ ಹಾಕಿದರು. ಬ್ಯಾಟರಿ ಕಾಯುತ್ತಿದೆ, ಬಿಡುಗಡೆ ಸದ್ಯಕ್ಕಿಲ್ಲ ಎಂದು ಕಂಪನಿಯೇ ಎಲ್ಲರಿಗೂ ತಿಳಿಸಿತು. ಗುಬ್ಬಿಯ ಕೋಣೆಯವರಿಗೆ, ಕರೆದಾಗ ಬನ್ನಿ, ಅಲ್ಲಿಯವರೆಗೆ ಸಂಬಳವಿಲ್ಲ ಎಂದರು. ಅವಳು ಮನೆ ಮುಟ್ಟುವ ಹೊತ್ತಿಗೆ ಟಿವಿಯಲ್ಲಿ ಬೆಲೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯುತ್ತಿತ್ತು. ಮರುದಿನ ಕೊಳ್ಳುವವರೇ ಇರಲಿಲ್ಲ. ಅಪ್ಪ ಬೆಳಿಗ್ಗೆಯೇ ದಲ್ಲಾಳಿಯ ಅಂಗಡಿಗೆ ಹೋಗಿ ಸಂಜೆ ಬಂದರು. ಒಳ್ಳೆಯ ಅಂಗಿ ಬೆವರಿಗೆ ಮೈಗಂಟಿತ್ತು.

ಅವರ ಹಿಂದೆಯೇ ಕಂಡಕ್ಟರ್ ಮಾಮ. ಅಂದು ಬೀದಿಯಿಂದ ಕೂಗಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ.

"ನಿನ್ನ ಮಗಳು ಒಳಗೇ ಇದ್ದಳಲ್ಲೋ! ದೊಡ್ಡವರು ತಮ್ಮದು ಮಾರ್ಕೊಂಡು ಇಳಿದುಹೋದರು. ನೀನು ದಿನಾ ರೈಟ್ ರೈಟ್ ಅಂದೆ. ಗೊತ್ತಿದ್ದೂ ಅಂದ್ಯಾ?"

"ಅವಳನ್ನ ಎಳೀಬೇಡ" ಎಂದರು ಅಪ್ಪ.

"ಎಳೀತೀನಿ! ನನ್ನ ಹೆಂಡತಿ ಕಣ್ಣಿನ ಆಪರೇಷನ್ನಿಗೆ ಅಂತ ಇಟ್ಟಿದ್ದು ಕಣೋ ಅದು. ಅವಳಿಗೆ ಈಗ ಏನಂತ ಹೇಳಲಿ? ಇವಳು ಮನೇಲಿ ಏನು ಹೇಳಿದಳು, ಅದನ್ನ ಹೇಳು!"

"ಏನೂ ಹೇಳಲಿಲ್ಲ. ಒಂದು ಅಕ್ಷರ ಹೇಳಲಿಲ್ಲ." ಅಪ್ಪ ಕುರ್ಚಿಯ ತೋಳು ಹಿಡಿದು ಕೂತರು. "ನಾನೇ ಅವಳ ತಟ್ಟೆ ನೋಡಿದೆ. ಎರಡು ದಿನ ಹುಡುಗಿ ಊಟ ಬಿಟ್ಟಿದ್ಲು. ಮಾರಿಬಿಡೋಣ ಅಂತ ನಾನು ಮನಸ್ಸು ಮಾಡಿದ್ದೆ. ಮೂರನೇ ದಿನ ಎರಡನೇ ಸಲ ಅನ್ನ ಹಾಕಿಸಿಕೊಂಡ್ಲು. ಹುಟ್ಟಿದಾಗಿನಿಂದ ಒಂದು ದಿನ ಹಾಕಿಸಿಕೊಂಡವಳಲ್ಲ. ಒಳಗೆ ಎಲ್ಲ ಸರಿಹೋಗಿದೆ ಅಂತ ತಿಳ್ಕೊಂಡೆ. ಮಾಲೀಕನಿಗೆ ಕೊಡೋಕೆ ಬೇರೆ ಇಟ್ಟಿದ್ದ ಮುಂಗಡವನ್ನೂ ಮರುದಿನ ಹೋಗಿ ಅದಕ್ಕೇ ಹಾಕಿದೆ."

ಅಮ್ಮನ ಕೈಯಲ್ಲಿದ್ದ ನೀರಿನ ಲೋಟ ಓರೆಯಾಗಿ ನೆಲವೆಲ್ಲ ನೀರಾಯಿತು. "ಮುಂಗಡಾನೂನಾ? ನನ್ನ ಹೊಲಿಗೆ ಹಣ ಅಲ್ವೇನ್ರೀ ಅದು?"

ಗುಬ್ಬಿ ಗೋಡೆಗೆ ಒರಗಿದಳು. "ಅಪ್ಪಾ, ನೀವು ತಿನ್ನಲಿ ಅಂತ ತಿಂದೆ. ನೀವು ಬೀಳ್ತೀರಿ ಅಂತ ತಿಂದೆ. ಬಚ್ಚಲಿಗೆ ಹೋಗಿ ಎಲ್ಲಾ ಕಕ್ಕಿದೆ ಅಪ್ಪಾ, ದಿನಾ."

ಕಂಡಕ್ಟರ್ ಮಾಮ ಒದ್ದೆ ನೆಲದ ಮೇಲೇ ಕುಸಿದು ಕೂತು, ಸ್ವಲ್ಪ ಹೊತ್ತು ತಮ್ಮ ಚಪ್ಪಲಿಗಳನ್ನೇ ನೋಡಿದರು. ಆಮೇಲೆ ಎದ್ದು ಹೋದರು. ಮತ್ತೆ ಆ ಬೀದಿಗೆ ಬರಲಿಲ್ಲ.

ಅಪ್ಪ ಅಜ್ಜಿಯ ಕಡೆ ತಿರುಗಿದರು. "ತಟ್ಟೆ ಒಂದನ್ನೇ ನೋಡಿರಲಿಲ್ಲ. ನಿನ್ನನ್ನೂ ದಿನಾ ಕೇಳ್ತಿದ್ದೆನಲ್ಲಮ್ಮ. ಚೆನ್ನಾಗಿ ಕೇಳುತ್ತೆ ಅಂದ್ಯಲ್ಲ."

ಅಜ್ಜಿ ತಲೆಯ ಬಟ್ಟೆ ಸರಿಸಿದಳು. ಕಿವಿಯ ಹಿಂದೆ ಚರ್ಮ ಕೆಂಪಗೆ ಸುಲಿದು ನೀರು ಒಸರುತ್ತಿತ್ತು. ಅದರ ಮೇಲೇ ಮಷಿನ್ನು ಅಂಟಿತ್ತು. "ಕೇಳುತ್ತಪ್ಪ. ಕೇಳ್ತಾನೂ ಇತ್ತು, ಸುಡ್ತಾನೂ ಇತ್ತು. ಸುಡುತ್ತೆ ಅಂದ್ರೆ ಹುಡುಗಿ ಕೆಲಸಕ್ಕೆ ಕುತ್ತು ಬರುತ್ತೇನೋ ಅಂತ ಅಂದುಕೊಂಡೆ. ನಿನಗೂ ಮನೆ ಮನೆ ಅಂತ ಅಷ್ಟು ಆಸೆ. ನೀನು ಕೇಳಿದಾಗೆಲ್ಲ ಹೂಂ ಅಂದುಬಿಟ್ಟೆ."

ಗುಬ್ಬಿ ಮೆಲ್ಲಗೆ ಮಷಿನ್ನನ್ನು ಬಿಡಿಸಿದಳು. ಚರ್ಮವೂ ಸ್ವಲ್ಪ ಅದರ ಜತೆ ಬಂತು. ಅಜ್ಜಿ ಅಯ್ಯೋ ಅನ್ನಲಿಲ್ಲ. ಅಮ್ಮ ಬೆಣ್ಣೆ ಹುಡುಕಲು ಒಳಗೆ ಹೋದವಳು ಅಲ್ಲೇ ನಿಂತು ಅತ್ತಳು. ಆ ಅಳು ಈಗ ಅಜ್ಜಿಗೆ ಕೇಳಿಸಲಿಲ್ಲ.

ತಿಂಗಳ ಕೊನೆಗೆ ಮಾಲೀಕ ಬೇರೆಯವರಿಗೆ ಮನೆ ಬರೆದುಕೊಟ್ಟ. ಊರಾಚೆ ಒಂದು ಕೋಣೆ ಸಿಕ್ಕಿತು, ಕಿಟಕಿ ಇಲ್ಲದ್ದು. ಅಪ್ಪ ಯಾರದೋ ಗೋದಾಮಿನ ಕಾವಲಿಗೆ ಸೇರಿಕೊಂಡರು. ಹೊಲಿಗೆ ಯಂತ್ರ ಹೊಸ ಜಾಗದಲ್ಲಿ ಹಿಡಿಸದೆಂದು ಅಮ್ಮ ಮಾರಿದಳು. ಹೊತ್ತು ಒಯ್ಯುವವರಿಗೆ ಬಾಗಿಲು ಹಿಡಿದು ನಿಂತಳೇ ಹೊರತು ಅದರ ಕಡೆ ನೋಡಲಿಲ್ಲ. ಕಂಪನಿಯಿಂದ ಕರೆ ಬರಲೇ ಇಲ್ಲ.

ಹೊರಡುವ ದಿನ ಬೆಳಗಿನಿಂದ ಗುಬ್ಬಿಯೇ ಗಂಟುಮೂಟೆ ಇಳಿಸಿದಳು. ಪಾತ್ರೆಪಗಡ, ಮಂಚದ ಕಾಲು, ಅಜ್ಜಿಯ ಪೆಟ್ಟಿಗೆ, ಎಲ್ಲ ಮೆಟ್ಟಿಲಿಳಿಸಿ ಬೀದಿಯಲ್ಲಿ ಒಟ್ಟಿದಳು. ಟೆಂಪೋ ಬರುವುದು ತಡವಾಗುತ್ತದೆಂದು ಅಮ್ಮ ಕೊನೆಯ ಬಾರಿಗೆ ಒಲೆ ಹಚ್ಚಿ ಒಂದು ಪಾತ್ರೆ ಅನ್ನ, ಒಂದಿಷ್ಟು ಬೇಳೆ ಬೇಯಿಸಿದಳು. ಖಾಲಿ ಕೋಣೆಯ ನೆಲದ ಮೇಲೆ ನಾಲ್ವರೂ ಸುತ್ತ ಕೂತರು. ಗೋಡೆಯ ಬದಿ ಹೊಲಿಗೆ ಯಂತ್ರ ನಿಂತಿದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಎಷ್ಟೋ ವಾರಗಳ ಮೇಲೆ ಗುಬ್ಬಿಗೆ ಹಸಿವಾಗಿತ್ತು. ಮೈಮುರಿದು ದುಡಿದ ಹಸಿವು, ಹೊಟ್ಟೆ ಬೆನ್ನಿಗೆ ಹತ್ತಿದ ಹಸಿವು. ತಟ್ಟೆ ಯಾವಾಗ ಖಾಲಿಯಾಯಿತೋ ಅವಳಿಗೇ ತಿಳಿಯಲಿಲ್ಲ. ಅವಳ ಕೈ ಪಾತ್ರೆಯ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು. ಎಲ್ಲರೂ ನೋಡಿದರು.

ಅಪ್ಪ ಸೌಟು ತೆಗೆದುಕೊಂಡರು. ಅನ್ನ ತುಂಬಿ ಎತ್ತಿದರು.

"ಹಸಿವಾ?"

"ಹೌದು ಅಪ್ಪಾ, ತುಂಬಾ."

ಅಂದೂ ಆಡಿದ್ದು ಇದೇ ಮಾತು, ಇದೇ ದನಿಯಲ್ಲಿ. ಅಪ್ಪನಿಗೂ ಅದು ಗೊತ್ತಾಯಿತು. ಸೌಟು ನಡುವೆ ನಿಂತಿತು, ಅನ್ನದ ಹಬೆ ಅವರ ಮುಖಕ್ಕೆ ಹೊಡೆಯುತ್ತಿತ್ತು.

"ನಿಜವಾಗ್ಲೂನಾ?" ಅಂದರು.

ಗುಬ್ಬಿ ಖಾಲಿ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದಳು.

"ಏನೋ ಅದು, ಸೌಟು ಹಿಡ್ಕೊಂಡು ಕೂತೆ?" ಎಂದಳು ಏನೂ ಕೇಳಿಸದ ಅಜ್ಜಿ. "ಕೂಸು ತಟ್ಟೆ ಮುಂದಿಟ್ಕೊಂಡು ಕಾಯ್ತಾ ಇದೆ. ಹಾಕು."

ಅಪ್ಪ ಹಾಕಿದರು. ಗುಬ್ಬಿ ತಿಂದಳು. ಬೀದಿಯಲ್ಲಿ ಟೆಂಪೋ ಹಾರನ್ನು ಹೊಡೆಯುವವರೆಗೂ ನಾಲ್ವರೂ ತಲೆ ತಗ್ಗಿಸಿ ತಮ್ಮ ತಮ್ಮ ಅನ್ನವನ್ನೇ ನೋಡಿಕೊಂಡು ಉಂಡರು. ಇನ್ನೊಬ್ಬರ ತಟ್ಟೆಯ ಕಡೆ ಯಾರೂ ಕಣ್ಣೆತ್ತಲಿಲ್ಲ.